ವ್ಯಾಯಾಮದ ಕ್ಯಾಲರಿ: ಒಂದೇ ಸಲ ಎಣಿಸಿ

ಪುಣೆಯ ಹಿಂಜೆವಾಡಿಯಲ್ಲಿ ನಾವು ಐದಾರು ಮಂದಿ ಕನ್ನಡದ ಗೆಳೆಯರು ಮಧ್ಯಾಹ್ನ ಊಟಕ್ಕೆ ಸೇರುತ್ತೇವೆ. ಮೊದಲೆಲ್ಲ ಮಾತು ಊರಿನ ಮಳೆ, ಹಬ್ಬಕ್ಕೆ ಬಸ್ ಟಿಕೆಟ್, ಮನೆ ಬಾಡಿಗೆ ಇವುಗಳ ಸುತ್ತ ಇರುತ್ತಿತ್ತು. ಈಗ ಯಾರಾದರೊಬ್ಬರು ಕೈಗಡಿಯಾರ ನೋಡಿಕೊಂಡು, ‘ಬೆಳಿಗ್ಗೆ 400 ಕ್ಯಾಲರಿ ಕರಗಿಸಿದ್ದೀನಿ, ಇನ್ನೊಂದು ಹೋಳಿಗೆ ಬರಲಿ’ ಎನ್ನುತ್ತಾರೆ. ಆ 400ನ್ನು ನಿಜಕ್ಕೂ ತಿನ್ನಬಹುದೇ? ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ದಿನದ ಗುರಿಯನ್ನು ನೀವು ಹೇಗೆ ಹಾಕಿಕೊಂಡಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ.

ನನಗೆ ಈ ಲೆಕ್ಕ ಬೇಕಾಗಿದ್ದು ಹವ್ಯಾಸಕ್ಕಲ್ಲ. ಅಪ್ಪನಿಗೆ 44ನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ಈಗ ದಿನಕ್ಕೆ ಎರಡು ಸಲ ಇನ್ಸುಲಿನ್. ಕಳೆದ ವರ್ಷದ ತಪಾಸಣೆಯಲ್ಲಿ ನನ್ನ ಎಚ್‌ಬಿಎ1ಸಿ 5.9 ಇತ್ತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೇವೆ ಎಂದರ್ಥ. ಆಗ ವಯಸ್ಸು 34, ಎತ್ತರ 172 ಸೆಂ.ಮೀ., ತೂಕ 78 ಕೆ.ಜಿ. ‘ಆರು ಕೆ.ಜಿ. ಇಳಿಸಿ, ದಿನಾ ನಡೆಯಿರಿ’ ಎಂದರು ವೈದ್ಯರು. ಎಷ್ಟು ತಿನ್ನಬೇಕು, ನಡೆದ ದಿನ ಎಷ್ಟು ತಿನ್ನಬಹುದು ಎಂಬುದನ್ನು ನಾನೇ ಕೂತು ಲೆಕ್ಕ ಹಾಕಿದೆ.

ಕುಳಿತೇ ಇದ್ದರೆ ಎಷ್ಟು ಖರ್ಚು?

ಏನೂ ಮಾಡದೆ ಮಲಗಿದ್ದರೂ ಉಸಿರಾಟ, ಹೃದಯ, ಮಿದುಳು, ಯಕೃತ್ತು ಇವೆಲ್ಲ ನಡೆಯಲು ದೇಹಕ್ಕೆ ಶಕ್ತಿ ಬೇಕು. ಇದನ್ನು ಅಂದಾಜಿಸಲು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೋರ್ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಕೆ.ಜಿ.ಯಲ್ಲಿ ತೂಕವನ್ನು 10ರಿಂದ ಗುಣಿಸಿ, ಸೆಂ.ಮೀ. ಎತ್ತರವನ್ನು 6.25ರಿಂದ ಗುಣಿಸಿ ಕೂಡಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಕೊನೆಗೆ ಗಂಡಸರು 5 ಕೂಡಬೇಕು, ಹೆಂಗಸರು 161 ಕಳೆಯಬೇಕು. ನನಗೆ ಬಂದದ್ದು 1,690.

ಇದಕ್ಕೆ ದಿನದ ಓಡಾಟ ಸೇರಿಸಲು ಒಂದು ಗುಣಕ ಬಳಸುತ್ತಾರೆ. ಕುಳಿತು ಮಾಡುವ ಕೆಲಸಕ್ಕೆ 1.2, ಹಗುರ ವ್ಯಾಯಾಮ ಮಾಡುವವರಿಗೆ 1.375, ಮಧ್ಯಮಕ್ಕೆ 1.55. ಎಡವಟ್ಟು ಶುರುವಾಗುವುದು ಇಲ್ಲಿಯೇ. 1.375 ಮತ್ತು 1.55 ಇವುಗಳೊಳಗೆ ವ್ಯಾಯಾಮ ಆಗಲೇ ಸೇರಿಕೊಂಡಿದೆ. ನನ್ನ ಅಳತೆಯವನೊಬ್ಬ ‘ಮಧ್ಯಮ’ ಎಂದು ಆರಿಸಿದರೆ 2,620 ಬರುತ್ತದೆ. ಅದರ ಮೇಲೆ ಗಡಿಯಾರದ 400 ಸೇರಿಸಿದರೆ 3,020. ಒಂದೇ ನಡಿಗೆ ಎರಡು ಸಲ ಜಮೆಯಾಯಿತು. ಆರು ತಿಂಗಳು ತಪ್ಪದೆ ಓಡಿಯೂ ಪ್ಯಾಂಟು ಬಿಗಿಯಾಗುತ್ತಿದೆ ಎನ್ನುವವರ ಕತೆ ಹಲವು ಸಲ ಇದೇ.

ಯಾವ ಸಾಲು ನಮ್ಮದು ಎಂಬುದು ಸಣ್ಣ ಪ್ರಶ್ನೆಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ 65 ಕೆ.ಜಿ.ಯ ಗಂಡಸಿಗೆ ಕುಳಿತು ಮಾಡುವ ಕೆಲಸವಾದರೆ ದಿನಕ್ಕೆ 2,110, ಮಧ್ಯಮ ಶ್ರಮವಾದರೆ 2,710 ಕ್ಯಾಲರಿ. 55 ಕೆ.ಜಿ.ಯ ಹೆಂಗಸಿಗೆ 1,660 ಮತ್ತು 2,130. ಸಾಲು ಬದಲಾದರೆ ಐದಾರು ನೂರರ ವ್ಯತ್ಯಾಸ. ಬೆಳಿಗ್ಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆದು, ಉಳಿದ ದಿನವೆಲ್ಲ ಲ್ಯಾಪ್‌ಟಾಪ್ ಮುಂದೆ ಮತ್ತು ವಾಕಡ್‌ನ ಟ್ರಾಫಿಕ್‌ನಲ್ಲಿ ಕಳೆಯುವ ನಾವು ಮಧ್ಯಮ ಶ್ರಮದವರಲ್ಲ.

ಗಡಿಯಾರದ ಅಂಕಿ

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲರಿ ವಿಷಯದಲ್ಲಿ ಮಾತ್ರ ಅತ್ಯಂತ ನಿಖರವಾದದ್ದೇ ಸರಾಸರಿ ಶೇ 27ರಷ್ಟು ತಪ್ಪಿತು. ಕೊನೆಯ ಸ್ಥಾನದ್ದು ಶೇ 93ರಷ್ಟು.

ಇನ್ನೊಂದು ಸಂಗತಿ: ನೀವು ನಡೆಯದೆ ಕುರ್ಚಿಯಲ್ಲಿ ಕುಳಿತಿದ್ದರೂ ಆ 45 ನಿಮಿಷದಲ್ಲಿ ಒಂದಿಷ್ಟು ಶಕ್ತಿ ಖರ್ಚಾಗುತ್ತಿತ್ತು. ಅದನ್ನು ಕಳೆದ ಮೇಲೆ ಉಳಿದದ್ದೇ ವ್ಯಾಯಾಮದ ನಿಜವಾದ ಗಳಿಕೆ. ಗಂಟೆಗೆ ಐದೂವರೆ ಕಿ.ಮೀ. ವೇಗದ ನಡಿಗೆ ವಿಶ್ರಾಂತಿಯ ಸುಮಾರು 4.3 ಪಟ್ಟು ಶಕ್ತಿ ಬೇಡುತ್ತದೆ. 4.3ರಿಂದ 1 ಕಳೆದು, 78 ಕೆ.ಜಿ. ಮತ್ತು ಮುಕ್ಕಾಲು ಗಂಟೆಯಿಂದ ಗುಣಿಸಿದರೆ ನನಗೆ ಸಿಗುವುದು ಸುಮಾರು 190 ಕ್ಯಾಲರಿ. ನಿಮ್ಮ ಗಡಿಯಾರ ‘ಒಟ್ಟು’ ಮತ್ತು ‘ಸಕ್ರಿಯ’ ಎಂದು ಬೇರೆ ಬೇರೆ ತೋರಿಸಿದರೆ, ನೋಡಬೇಕಾದದ್ದು ‘ಸಕ್ರಿಯ’ ಅಂಕಿಯನ್ನು.

ವಾರದ ಲೆಕ್ಕ

ನಾನು ಕಂಡುಕೊಂಡ ಸರಳ ದಾರಿ ಇದು. ಮೂಲ ಗುಣಕ 1.2 ಮಾತ್ರ: 1,690ಕ್ಕೆ ಅದು 2,030 ಆಗುತ್ತದೆ. ವಾರದ ವ್ಯಾಯಾಮವನ್ನೆಲ್ಲ ಕೂಡಿ ಏಳರಿಂದ ಭಾಗಿಸುವುದು. ನಾಲ್ಕು ದಿನದ ನಡಿಗೆಗೆ 760. ಭಾನುವಾರ ಆತ್ಕರವಾಡಿಯ ಕಾಲುದಾರಿಯಲ್ಲಿ ಸಿಂಹಗಡ ಹತ್ತಿ ಇಳಿಯುವುದಕ್ಕೆ ಅಂದಾಜು 630. ಒಟ್ಟು 1,390, ದಿನಕ್ಕೆ ಸುಮಾರು 200. ಹಾಗಾಗಿ ತೂಕ ಇದ್ದಲ್ಲೇ ಇರಲು 2,230, ನಿಧಾನವಾಗಿ ಇಳಿಯಲು 400 ಕಡಿಮೆ, ಅಂದರೆ 1,830. ಈ ಅಂಕಿ ನಡೆದ ದಿನಕ್ಕೂ ನಡೆಯದ ದಿನಕ್ಕೂ ಒಂದೇ. ವ್ಯಾಯಾಮ ಆಗಲೇ ಒಳಗೆ ಸೇರಿರುವುದರಿಂದ ಗಡಿಯಾರ ಏನೇ ಹೇಳಲಿ, ಮತ್ತೆ ಸೇರಿಸುವಂತಿಲ್ಲ.

ವ್ಯಾಯಾಮ ವಾರದಿಂದ ವಾರಕ್ಕೆ ಏರುಪೇರಾಗುವವರಿಗೆ ಇನ್ನೊಂದು ದಾರಿಯಿದೆ. ವ್ಯಾಯಾಮವಿಲ್ಲದ ಗುರಿಯನ್ನೇ ಇಟ್ಟುಕೊಂಡು, ಮಾಡಿದ ದಿನ ಗಡಿಯಾರದ ‘ಸಕ್ರಿಯ’ ಅಂಕಿಯ ಅರ್ಧದಷ್ಟನ್ನು ತಿನ್ನುವುದು. ಎರಡರಲ್ಲಿ ಯಾವುದಾದರೂ ಸರಿ, ಎರಡನ್ನೂ ಬೆರೆಸಬಾರದು.

ಸಿಂಹಗಡದ ಮೇಲೆ ಕಾಂದಾ ಭಜಿ, ಪಿಠ್ಲ ಭಾಕರಿ, ಮಣ್ಣಿನ ಕುಡಿಕೆಯ ಮೊಸರು ಇವನ್ನು ಬಿಟ್ಟು ಇಳಿಯುವ ಶಿಸ್ತು ನನಗೆ ಬೇಡ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 135 ಕ್ಯಾಲರಿ ಇರುವುದರಿಂದ, ಹತ್ತಿದ್ದೆಲ್ಲ ಒಂದು ತಟ್ಟೆ ಭಜಿಯಲ್ಲಿ ಹೋಗಬಹುದು ಎಂಬುದು ಗೊತ್ತಿದ್ದರೆ ಸಾಕು. ರಾತ್ರಿ ಊಟ ಸಾರು, ಮುದ್ದೆಗೆ ನಿಲ್ಲುತ್ತದೆ.

ಕಡಿಮೆಯಾದರೂ ಕಷ್ಟವೇ

ಇದರ ಇನ್ನೊಂದು ತುದಿಯನ್ನೂ ಹತ್ತಿರದಿಂದ ನೋಡಿದ್ದೇನೆ. ನಮ್ಮ ತಂಡದ ಸಹೋದ್ಯೋಗಿಯೊಬ್ಬರು ದಿನಕ್ಕೆ 1,200 ಕ್ಯಾಲರಿಯ ಗುರಿ ಹಾಕಿಕೊಂಡು, ಅದರಲ್ಲೇ ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆಸಿದ್ದರು. 10 ಕಿ.ಮೀ. ಓಡಿದ ದಿನವೂ 1,200, ಓಡದ ದಿನವೂ 1,200. ಮೊದಲು ತಲೆಸುತ್ತು, ಆಮೇಲೆ ನಿದ್ದೆ ಕೆಟ್ಟಿತು, ಕೊನೆಗೆ ಮುಟ್ಟು ನಿಂತಿತು. ಓಟಕ್ಕೆ ಹೋದ ಶಕ್ತಿ ಕಳೆದು ದೇಹದ ನಿತ್ಯದ ಕೆಲಸಕ್ಕೆ ಏನೂ ಉಳಿಯದಿದ್ದಾಗ ದೇಹ ಮೊದಲು ಕೈಬಿಡುವ ಖರ್ಚುಗಳಲ್ಲಿ ಅದೂ ಒಂದು. ಹಾಗೇ ಮುಂದುವರಿದರೆ ಮೂಳೆಗೂ ಪೆಟ್ಟು. ವೈದ್ಯರು ಅವರಿಗೆ ಮಾತ್ರೆಗಿಂತ ಮೊದಲು ಬರೆದುಕೊಟ್ಟದ್ದು ಊಟವನ್ನು. ವ್ಯಾಯಾಮವನ್ನು ಎರಡು ಸಲ ಎಣಿಸುವುದು ಎಷ್ಟು ತಪ್ಪೋ, ಒಂದು ಸಲವೂ ಎಣಿಸದಿರುವುದು ಅದಕ್ಕಿಂತ ಅಪಾಯ.

ತಕ್ಕಡಿ ಹೇಳುವುದನ್ನು ಕೇಳಿ

ಸೂತ್ರಗಳೆಲ್ಲ ಅಂದಾಜು. ನಿಮ್ಮ ನಿಜವಾದ ಖರ್ಚು ಹೇಳಬಲ್ಲದ್ದು ನಿಮ್ಮ ತೂಕ ಮಾತ್ರ, ಅದೂ ಒಂದು ದಿನದ್ದಲ್ಲ. ಹಿಂದಿನ ರಾತ್ರಿ ಉಪ್ಪಿನಕಾಯಿ ಹೆಚ್ಚು ತಿಂದರೆ ಬೆಳಿಗ್ಗೆ ಒಂದು ಕೆ.ಜಿ. ನೀರು ಏರಿರುತ್ತದೆ. ದಿನಾ ಬೆಳಿಗ್ಗೆ ತೂಗಿ, ಏಳು ದಿನಗಳ ಸರಾಸರಿ ಬರೆದಿಡಿ. ನಾಲ್ಕು ವಾರದ ನಂತರ ಹೋಲಿಸಿ.

ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂಬುದು ರೂಢಿಯ ಲೆಕ್ಕ. ದಿನಕ್ಕೆ 400 ಕಡಿತವಿದ್ದರೆ ನಾಲ್ಕು ವಾರಕ್ಕೆ ಸುಮಾರು 1.4 ಕೆ.ಜಿ. ಇಳಿಯಬೇಕು. ನನಗೆ ಇಳಿದದ್ದು 0.9. ಅಂದರೆ ನಿಜವಾದ ಕಡಿತ 250 ಮಾತ್ರ. ಗುರಿಯನ್ನು 1,830ರಿಂದ 1,730ಕ್ಕೆ ತಂದು, ದಿನಾ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದೆ. ಸಾಫ್ಟ್‌ವೇರ್‌ನವರಿಗೆ ಇದು ಹೊಸತಲ್ಲ: ಅಂದಾಜು ಮಾಡು, ಅಳೆ, ತಿದ್ದು.

ಏಳು ತಿಂಗಳಲ್ಲಿ ತೂಕ 72ಕ್ಕೆ ಬಂತು, ಎಚ್‌ಬಿಎ1ಸಿ 5.6ಕ್ಕೆ. ಈಗ ದೇಹ ಹಗುರಾಗಿರುವುದರಿಂದ ಅದರ ಖರ್ಚೂ ಇಳಿದಿದೆ. 1,690 ಇದ್ದ ಮೂಲ ಅಂಕಿ 1,625 ಆಗಿದೆ. ನಾಲ್ಕೈದು ಕೆ.ಜಿ. ಇಳಿದಾಗಲೆಲ್ಲ ಲೆಕ್ಕ ಹೊಸದಾಗಿ ಹಾಕಬೇಕು. ಹಳೆಯ ಗುರಿಯಲ್ಲೇ ಕೂತರೆ ಇಳಿಕೆ ನಿಲ್ಲುತ್ತದೆ.

ಕೇಳಿ ಖುಷಿಯಾದ ಅಪ್ಪ ದಾವಣಗೆರೆಯಿಂದ ಫೋನ್ ಮಾಡಿ, ‘ನನಗೂ ಒಂದು ಲೆಕ್ಕ ಹಾಕಿಕೊಡೋ’ ಎಂದರು. ಹಾಕಿಕೊಡಲಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದರೆ ಸಕ್ಕರೆ ದಿಢೀರ್ ಕುಸಿಯಬಹುದು. ಅವರ ಗುರಿಯನ್ನು ಔಷಧದ ಪ್ರಮಾಣದ ಜೊತೆಗೇ ವೈದ್ಯರು ನಿಗದಿ ಮಾಡಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರಿಗೂ ಇದೇ ಮಾತು. ಉಳಿದವರು ಒಂದು ಕಾಗದ, ಒಂದು ತಕ್ಕಡಿ, ನಾಲ್ಕು ವಾರದ ತಾಳ್ಮೆ ಇಟ್ಟುಕೊಂಡು ಶುರುಮಾಡಬಹುದು.