ಕೃತಿ ಊದಲು ಬಂತು, ಸ್ವರ ಹಾಕೋದು ಹೇಗೆ?

ತೀರ್ಥಹಳ್ಳಿ ಕಡೆಯ ಒಂದು ಮದುವೆ. ನನ್ನ ನಾದಿನಿ ಮೊದಲ ಸಲ ಸ್ಯಾಕ್ಸೋಫೋನ್ ಹಿಡಿದು ನಾಲ್ಕು ಜನರೆದುರು ಕೂತಿದ್ದಳು. 'ಅಯ್ಯೋ, ಹೆಂಗಸರು ಊದೋದಾ?' ಅಂತ ಹಿಂದಿನ ಸಾಲಿನಲ್ಲಿ ಗುಸುಗುಸು. ಬಾಯಿಪಾಠವಾಗಿದ್ದ ಕೃತಿ ಚೆನ್ನಾಗೇ ಬಂತು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. 'ಸ್ವಲ್ಪ ಸ್ವರ ಹಾಕಮ್ಮ' ಎಂದರು ಡೋಲಿನವರು. ಎರಡು ಆವರ್ತ ಆಗೋದರೊಳಗೆ ಬೆರಳು ನಿಂತುಹೋಯಿತು. ಮನೆಗೆ ಬಂದವಳೇ ವಾದ್ಯವನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೇರಿಸಿಬಿಟ್ಟಳು.

ಹೆಂಗಸರು ಊದೋದಾ ಅನ್ನುವವರಿಗೆ 'ಸ್ಯಾಕ್ಸೋಫೋನ್ ಸಿಸ್ಟರ್ಸ್' ಎಂದೇ ಹೆಸರಾದ ಎಂ.ಎಸ್. ಲಾವಣ್ಯ, ಎಂ.ಎಸ್. ಸುಬ್ಬಲಕ್ಷ್ಮಿ ಅವರ ಕಛೇರಿ ಕೇಳಿಸಿದರೆ ಸಾಕು. ಅಸಲಿಗೆ ಈ ವಾದ್ಯವೇ ನಮ್ಮದಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದದ್ದು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು ವರ್ಷಗಟ್ಟಲೆ ಒದ್ದಾಡಿ ಅದರಲ್ಲಿ ಗಮಕ ತಂದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜತೆ ನುಡಿಸಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲೂ ನುಡಿಸಿದರು. 2019ರಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಿಕೆಗಳೇ ಈಗ ದೊಡ್ಡ ಪಾಠ.

ಆದರೆ ಕೇಳಿದ್ದೆಲ್ಲ ಬೆರಳಿಗೆ ಇಳಿಯಬೇಕಲ್ಲ! ಅಡಿಕೆ ಸುಲಿಯೋ ಕಾಲದಲ್ಲಿ ಹೊಸನಗರದಿಂದ ಘಟ್ಟ ಇಳಿದು ಮಂಗಳೂರಿಗೆ ಪಾಠಕ್ಕೆ ಹೋಗಿಬರೋದು ಆಗೋ ಮಾತಾ? ಆನ್‌ಲೈನ್ ಪಾಠ ಒದಗಿ ಬರೋದು ಇಲ್ಲೇ. ಸೇರುವ ಮೊದಲು ಒಂದೇ ಮಾತು ಕೇಳಿ: 'ಬರೀ ಹಾಡು ಕಲಿಸ್ತೀರೋ, ಕಲ್ಪನಾಸ್ವರವನ್ನೂ ಕಲಿಸ್ತೀರೋ?' ಮದುವೆ ಮನೆಯಲ್ಲಿ ಸಿನಿಮಾ ಹಾಡು ನುಡಿಸಿದರೆ ಸಾಕು ಅನ್ನುವವರಿಗೆ ಮೊದಲನೆಯದೇ ಸಾಕು ಬಿಡಿ.

ಗುರುಗಳ ಜತೆಜತೆಗೇ ಊದಲು ಹೋಗಬೇಡಿ. ಇಂಟರ್‌ನೆಟ್‌ನಲ್ಲಿ ಸದ್ದು ತಡವಾಗಿ ತಲುಪುತ್ತದೆ, ತಾಳ ಕೂಡೋದಿಲ್ಲ. ಅವರು ಒಂದು ಸಾಲು ನುಡಿಸಲಿ, ನೀವು ಉತ್ತರ ಕೊಡಿ. ಮನೋಧರ್ಮ ಬೆಳೆಯೋಕೆ ನಿಜಕ್ಕೂ ಇದೇ ಒಳ್ಳೆಯದು ಅಂತ ನನಗನಿಸುತ್ತದೆ. ಝೂಮ್ ಆದರೆ 'ಒರಿಜಿನಲ್ ಸೌಂಡ್' ಆನ್ ಮಾಡಿ, ಇಲ್ಲದಿದ್ದರೆ ನಿಮ್ಮ ದೀರ್ಘ ಷಡ್ಜವನ್ನು ಅದು ಗದ್ದಲ ಅಂದುಕೊಂಡು ನುಂಗಿಹಾಕುತ್ತದೆ! ತಂಬೂರಿ ಆ್ಯಪ್ ಹಾಕುವಾಗಲೂ ಹುಷಾರು. ಆಲ್ಟೊ ಸ್ಯಾಕ್ಸೋಫೋನಿನಲ್ಲಿ 'ಜಿ' ಬೆರಳಿಟ್ಟು ಊದಿದರೆ ಬರೋದು ಹಾರ್ಮೋನಿಯಂನ 'ಬಿ ಫ್ಲ್ಯಾಟ್'. ಅದೇ ನಿಮ್ಮ ಸ ಆದರೆ ಆ್ಯಪ್‌ನಲ್ಲೂ ಅದನ್ನೇ ಇಡಿ.

ನಾದಿನಿಯ ಗುರುಗಳು ಮಾಡಿಸಿದ್ದು ಇಷ್ಟೇ. ಮೊದಲು ಮೋಹನ ರಾಗ ಒಂದೇ. ಸ ರಿ ಗ ಪ ದ, ಐದೇ ಸ್ವರ, ತಪ್ಪು ಹೆಜ್ಜೆಗೆ ಜಾಗ ಕಮ್ಮಿ. ವಾದ್ಯ ಕೆಳಗಿಟ್ಟು ಬಾಯಲ್ಲಿ ಹಾಡಬೇಕು, ಹಾಡಲು ಬಂದದ್ದನ್ನು ಮಾತ್ರ ಊದಬೇಕು. ಆದಿತಾಳದ ಎಂಟು ಎಣಿಕೆಯಲ್ಲಿ ಕೊನೆಯ ಎರಡಕ್ಕಷ್ಟೇ ಸ್ವರ ಹಾಕಿ ಪಲ್ಲವಿಯ ಎತ್ತುಗಡೆಗೆ ಸರಿಯಾಗಿ ಬಂದು ಸೇರಬೇಕು. ಅದು ಕೈಗೆ ಬಂದ ಮೇಲೆ ನಾಲ್ಕು ಎಣಿಕೆ, ಆಮೇಲೆ ಪೂರ್ತಿ ಆವರ್ತ. ಅವಳು ಮದುವೆಯಲ್ಲಿ ಎಡವಿದ್ದು ಸ್ವರ ಗೊತ್ತಿಲ್ಲದೆ ಅಲ್ಲ, ವಾಪಸ್ ಬರೋ ದಾರಿ ಗೊತ್ತಿಲ್ಲದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಇಪ್ಪತ್ತು ನಿಮಿಷ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸೋದು. ಸಾಗರದ ಪೇಟೆಗೆ ಹೋದಾಗ ಸಿಗ್ನಲ್ ಸಿಕ್ಕರೆ ಗುರುಗಳ ಉತ್ತರ ಇಳಿಸಿಕೊಳ್ಳೋದು. ನೇರ ಪಾಠ ವಾರಕ್ಕೆ ಒಂದೇ, ಅದೂ ಕರೆಂಟಿದ್ದರೆ.

ಮಲೆನಾಡಿನವರಿಗೆ ಇನ್ನೊಂದು ಕಿವಿಮಾತು. ಊದಿದ ಮೇಲೆ ರೀಡ್ ತೆಗೆದು ಒರೆಸಿ, ಗಾಳಿಯಾಡುವ ಕಡೆ ಒಣಗಿಸಿ. ಒದ್ದೆ ರೀಡನ್ನು ಹಾಗೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಬಾಯಿಗಿಡೋ ವಸ್ತು ಅದು. ಒಳಗಿನ ತೇವಕ್ಕೂ ಬಟ್ಟೆ ಎಳೆಯಿರಿ, ಇಲ್ಲವಾದರೆ ಪ್ಯಾಡುಗಳು ಹಾಳಾಗುತ್ತವೆ.

ಪೆಟ್ಟಿಗೆ ಅಟ್ಟದಿಂದ ಇಳಿದಿದೆ. ಮೊನ್ನೆ ಅದೇ ಡೋಲಿನವರು ಮತ್ತೊಂದು ಮದುವೆಗೆ ಕರೆದಿದ್ದಾರೆ, ಇವಳು 'ಆಗಲಿ' ಎಂದಿದ್ದಾಳೆ. ಈಗ ಅವಳ ತಕರಾರು ಒಂದೇ: ಹಂಚಿನ ಮೇಲೆ ಮಳೆ ಬಿದ್ದರೆ ತಂಬೂರಿ ಕೇಳಿಸೋದಿಲ್ಲವಂತೆ.