ಸೋಯಾಅವರೆಯ ಹಸಿತನ ತಿಳಿಯುವುದು ಹೇಗೆ?

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ರೈತರು ಮುಂಗಾರಿನಲ್ಲಿ ತೊಗರಿ, ಉದ್ದು, ಹೆಸರಿನ ಜೊತೆಗೆ ಸೋಯಾಅವರೆಯನ್ನೂ ಬೆಳೆಯುತ್ತಾರೆ. ರಾಶಿಯಾದ ಮೇಲೆ ಒಳ್ಳೆಯ ಕಾಳು ಪೇಟೆಗೆ ಹೋಗುತ್ತದೆ. ಒಡಕು ಕಾಳು ಮನೆಯಲ್ಲಿ ಉಳಿಯುತ್ತದೆ. ಸೋಯಾದಲ್ಲಿ ಶೇ. 40ರಷ್ಟು ಸಸಾರಜನಕ ಇರುವುದರಿಂದ ಅದನ್ನು ದನಕ್ಕೋ ಕೋಳಿಗೋ ಹಾಕುವ ಆಸೆ ಸಹಜ. ಆದರೆ ಹಸಿ ಸೋಯಾ ಹಾಕುವ ಮುಂಚೆ ಎರಡು ಮಾತು ನೆನಪಿಡಬೇಕು.

ಮೊದಲನೆಯದು, ಹಸಿ ಕಾಳಿನಲ್ಲಿ ಸಸಾರಜನಕದ ಜೀರ್ಣಕ್ಕೆ ಅಡ್ಡಿ ಮಾಡುವ ವಸ್ತುಗಳಿವೆ. ಕೋಳಿಮರಿ ಮತ್ತು ಎಳೆಗರುಗಳ ಬೆಳವಣಿಗೆ ಇದರಿಂದ ಕುಂಠಿತವಾಗುತ್ತದೆ. ಎರಡನೆಯದು, ಹಸಿ ಕಾಳಿನಲ್ಲಿ ಯೂರಿಯೇಸ್ ಎಂಬ ಕಿಣ್ವ ಹೇರಳವಾಗಿದೆ. ಇದು ಯೂರಿಯಾವನ್ನು ಒಡೆದು ಅಮೋನಿಯ ಬಿಡಿಸುತ್ತದೆ. ಮೇವಿಗೆ ಯೂರಿಯಾ ಸೇರಿಸುವ ಮನೆಗಳಲ್ಲಿ ಹಸಿ ಸೋಯಾ ಕೂಡಿಸಲೇಬಾರದು. ಅಮೋನಿಯ ಅತಿಯಾದರೆ ರಾಸುವಿನ ಪ್ರಾಣಕ್ಕೇ ಅಪಾಯ.

ಎರಡು ದೋಷಗಳಿಗೂ ಮದ್ದು ಒಂದೇ: ಶಾಖ. ಕಾಳನ್ನು ರಾತ್ರಿ ನೆನೆಸಿ, ಮಾರನೆಯ ದಿನ ಅರ್ಧ ಗಂಟೆ ಚೆನ್ನಾಗಿ ಕುದಿಸಿದರೆ ಎರಡೂ ಬಹುಮಟ್ಟಿಗೆ ಅಡಗುತ್ತವೆ. ಆದರೆ ಬೆಂದಿದೆಯೋ ಇಲ್ಲವೋ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಜೀರ್ಣಕ್ಕೆ ಅಡ್ಡಿಯಾಗುವ ವಸ್ತುವನ್ನು ಅಳೆಯುವುದು ತೊಡಕಿನ ಕೆಲಸ. ಯೂರಿಯೇಸ್ ಅಳೆಯುವುದು ಸುಲಭ. ಎರಡೂ ಹೆಚ್ಚುಕಡಿಮೆ ಒಂದೇ ಶಾಖಕ್ಕೆ ಕೆಡುವುದರಿಂದ ಒಂದನ್ನು ಅಳೆದು ಇನ್ನೊಂದನ್ನು ಊಹಿಸುತ್ತಾರೆ.

ಕಿಣ್ವದ ಅಳತೆ ಎಂದರೇನು?

ಕಿಣ್ವವನ್ನು ತಕ್ಕಡಿಯಲ್ಲಿ ತೂಗಿ ಪ್ರಯೋಜನವಿಲ್ಲ. ಬೆಂದ ಕಾಳಿನಲ್ಲಿಯೂ ಕಿಣ್ವದ ವಸ್ತು ಇರುತ್ತದೆ, ಆದರೆ ಅದು ಕೆಲಸ ಮಾಡದು. ಕೂಲಿಯಾಳನ್ನು ದಿನದಲ್ಲಿ ಮಾಡಿದ ಕೆಲಸದಿಂದ ಅಳೆಯುವಂತೆ, ಇಷ್ಟು ಹೊತ್ತಿನಲ್ಲಿ ಎಷ್ಟು ಕೆಲಸ ಮಾಡಿತು ಎಂಬುದೇ ಕಿಣ್ವದ ಅಳತೆ. ಪ್ರಯೋಗಶಾಲೆಯಲ್ಲಿ 0.2 ಗ್ರಾಂ ಸೋಯಾ ಪುಡಿಯನ್ನು 10 ಮಿ.ಲೀ. ಯೂರಿಯಾ ದ್ರಾವಣದಲ್ಲಿ 30 ಡಿಗ್ರಿ ಸೆಂ. ಶಾಖದಲ್ಲಿ 30 ನಿಮಿಷ ಇಡುತ್ತಾರೆ. ಬಿಡುಗಡೆಯಾದ ಅಮೋನಿಯದಿಂದ ದ್ರಾವಣದ ರಸಸಾರ ಏರುತ್ತದೆ. ಏರಿಕೆ 0.05ರಿಂದ 0.20ರ ಒಳಗಿದ್ದರೆ ಹದ ಸರಿ. ಹೆಚ್ಚಿದ್ದರೆ ಇನ್ನೂ ಹಸಿ.

ಮನೆಯಲ್ಲಿ ನೋಡುವ ವಿಧಾನ

1. ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಹಸಿ ಸೋಯಾ ಪುಡಿ, ಇನ್ನೊಂದಕ್ಕೆ ಬೇಯಿಸಿ ಒಣಗಿಸಿದ ಸೋಯಾ ಪುಡಿ ಎರಡೆರಡು ಚಮಚ ಹಾಕಿ.
2. ಎರಡಕ್ಕೂ ಅರ್ಧ ಚಮಚ ಯೂರಿಯಾ, ಸ್ವಲ್ಪ ನೀರು ಬೆರೆಸಿ.
3. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಮಿಶ್ರಣಕ್ಕೆ ತಾಗದಂತೆ ಬಾಯಿಯ ಬಳಿ ಸಿಕ್ಕಿಸಿ, ಮುಚ್ಚಿ, ಬೆಚ್ಚಗಿರುವಲ್ಲಿ ಇಡಿ.
4. ಅರ್ಧ ಗಂಟೆಯ ನಂತರ ನೋಡಿ. ಕಾಗದ ನೀಲಿಯಾಗಿ, ಮೂಗಿಗೆ ಘಾಟು ಬಂದರೆ ಕಾಳು ಹಸಿ.

ಪರೀಕ್ಷೆಯ ಮಿಶ್ರಣವನ್ನು ದನಗಳಿಗೆ ಹಾಕದೆ ಗುಂಡಿ ತೋಡಿ ಮುಚ್ಚಿಬಿಡಬೇಕು.

ಸರಾಸರಿಯ ಮೋಸ

ಮೇಲಿನ ಪರೀಕ್ಷೆಗಳಲ್ಲಿ ಒಂದು ಕೊರತೆಯಿದೆ. ಹತ್ತು ಎಮ್ಮೆಗಳ ಹಾಲನ್ನು ಒಂದೇ ಕ್ಯಾನಿಗೆ ಸುರಿದು ಅಳೆದರೆ ಯಾವ ಎಮ್ಮೆ ಎಷ್ಟು ಕೊಟ್ಟಿತೆಂದು ತಿಳಿಯದು. ಅಂತೆಯೇ ಅರ್ಧ ಕಾಳು ಸೀದು, ಅರ್ಧ ಕಾಳು ಹಸಿ ಉಳಿದಿದ್ದರೂ ಬಾಟಲಿ ತೋರಿಸುವುದು ಸರಾಸರಿಯನ್ನು ಮಾತ್ರ. ಬಾಣಲೆಯಲ್ಲಿ ಹುರಿದಾಗ ಹೀಗಾಗುವುದು ಸಾಮಾನ್ಯ.

ಇದಕ್ಕೆ ತಟ್ಟೆಯ ಪರೀಕ್ಷೆ ಇದೆ. ಸೋಯಾ ನುಚ್ಚನ್ನು ತೆಳ್ಳಗೆ ಹರಡಿ, ಯೂರಿಯಾ ಮತ್ತು ಫಿನಾಲ್ ರೆಡ್ ಬಣ್ಣ ಬೆರೆಸಿದ ದ್ರಾವಣದಿಂದ ತೋಯಿಸುತ್ತಾರೆ. ಐದು ನಿಮಿಷದಲ್ಲಿ ಹಸಿ ಚೂರುಗಳ ಸುತ್ತ ಕೆಂಪು ಚುಕ್ಕೆ ಮೂಡುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆಯಿದ್ದರೆ ಚಿಂತೆಯಿಲ್ಲ. ತಟ್ಟೆಯ ಅರ್ಧಕ್ಕಿಂತ ಹೆಚ್ಚು ಭಾಗ ಕೆಂಪಾದರೆ ಮತ್ತೆ ಬೇಯಿಸಬೇಕು. ಅರ್ಧ ಗಂಟೆ ಕಾದರೂ ಒಂದು ಚುಕ್ಕೆಯೂ ಬಾರದಿದ್ದರೆ ಕಾಳು ಅತಿಯಾಗಿ ಕಾದಿರಬಹುದು. ಅತಿ ಶಾಖದಿಂದ ಸಸಾರಜನಕದ ಗುಣ ತಗ್ಗುತ್ತದೆ.

ಹನಿಯೇ ಪಾತ್ರೆ

ಪ್ರತಿ ಚೂರನ್ನೂ ಬೇರೆಯಾಗಿ ನೋಡುವ ಇದೇ ತತ್ತ್ವವನ್ನು ವಿಜ್ಞಾನಿಗಳು ಬಹಳ ಮುಂದಕ್ಕೆ ಒಯ್ದಿದ್ದಾರೆ. ಕೂದಲೆಳೆಯಷ್ಟು ಸಣ್ಣ ಕಾಲುವೆಗಳನ್ನು ಕೊರೆದ ಒಂದು ಚಿಕ್ಕ ಬಿಲ್ಲೆಯಲ್ಲಿ ನೀರು ಮತ್ತು ಎಣ್ಣೆಯನ್ನು ಎದುರುಬದುರು ಹರಿಸುತ್ತಾರೆ. ಕೂಡುವಲ್ಲಿ ಎಣ್ಣೆಯು ನೀರನ್ನು ಕತ್ತರಿಸಿ, ಸೆಕೆಂಡಿಗೆ ಸಾವಿರಾರು ಸಮಗಾತ್ರದ ಹನಿಗಳನ್ನು ಮಾಡುತ್ತದೆ. 20 ಮೈಕ್ರಾನ್ ಅಡ್ಡಳತೆಯ ಹನಿಯಾದರೆ ಒಂದು ಮಿ.ಲೀ. ನೀರಿನಿಂದ ಸುಮಾರು 24 ಕೋಟಿ ಹನಿಗಳಾಗುತ್ತವೆ. ಒಂದೊಂದು ಹನಿಯಲ್ಲಿ ಒಂದು ಜೀವಕೋಶ, ಅದರ ಕಿಣ್ವ, ಕಿಣ್ವ ತಾಗಿದರೆ ಹೊಳೆಯುವ ವಸ್ತು ಇರುತ್ತವೆ. ಸುತ್ತಲಿನ ಎಣ್ಣೆ ಬದುವಿನಂತೆ ಹನಿಗಳನ್ನು ಬೇರ್ಪಡಿಸುತ್ತದೆ. ಲೇಸರ್ ಬೆಳಕಿನಲ್ಲಿ ಹೆಚ್ಚು ಹೊಳೆದ ಹನಿಯಲ್ಲಿ ಹೆಚ್ಚು ಕೆಲಸವಾಗಿದೆ ಎಂದರ್ಥ. ಅದನ್ನು ವಿದ್ಯುತ್ತಿನ ಸೆಳೆತದಿಂದ ಬೇರೆ ಕಾಲುವೆಗೆ ತಿರುಗಿಸುತ್ತಾರೆ.

2010ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಂಗಡಿಗರೊಡನೆ ಈ ರೀತಿ ಸುಮಾರು ಹತ್ತು ಕೋಟಿ ಕಿಣ್ವಕ್ರಿಯೆಗಳನ್ನು ಹತ್ತೇ ಗಂಟೆಗಳಲ್ಲಿ ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ಅದಕ್ಕೆ ಬಳಸಿದ ದ್ರಾವಣ 0.15 ಮಿ.ಲೀ.ಗಿಂತಲೂ ಕಡಿಮೆ. ಕೋಟಿಯಲ್ಲಿ ಒಂದಾಗಿ ಅಡಗಿರುವ ಉತ್ತಮ ಕಿಣ್ವವನ್ನು ಹೆಕ್ಕಲು ಇಂಥ ವಿಧಾನ ಬೇಕಾಗುತ್ತದೆ.

ಈ ಯಂತ್ರ ರೈತರ ಅಂಗಳಕ್ಕೆ ಬರಬೇಕಾದುದಿಲ್ಲ. ಆದರೆ ಅದರ ಪಾಠ ಅಂಗಳಕ್ಕೂ ಸಲ್ಲುತ್ತದೆ: ಒಂದು ಹಿಡಿ ನೋಡಿ ರಾಶಿಯನ್ನು ನಂಬಬಾರದು. ಬೇಯಿಸಿದ ಕಾಳನ್ನು ಪಾತ್ರೆಯ ಮೇಲಿನಿಂದ, ನಡುವಿನಿಂದ, ತಳದಿಂದ ಬೇರೆ ಬೇರೆಯಾಗಿ ತೆಗೆದು ಪರೀಕ್ಷಿಸಬೇಕು. ಹುರಿಯುವುದಕ್ಕಿಂತ ನೆನೆಸಿ ಕುದಿಸುವುದು ಮೇಲು, ಏಕೆಂದರೆ ಶಾಖ ಎಲ್ಲ ಕಾಳಿಗೂ ಸಮನಾಗಿ ತಾಗುತ್ತದೆ. ಬೂಷ್ಟು ಹಿಡಿದ ಕಾಳನ್ನು ಬೇಯಿಸಿಯೂ ಹಾಕಬಾರದು.

ರಾಸುಗಳಿಗೆ ಎಷ್ಟು ಪ್ರಮಾಣದಲ್ಲಿ ಕೊಡಬೇಕೆಂಬುದನ್ನು ಹತ್ತಿರದ ಪಶುವೈದ್ಯರಲ್ಲಿ ಅಥವಾ ಬೀದರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿದು ಮುಂದುವರಿಯುವುದು ಕ್ಷೇಮ.