ಕಿವಿ ಅಳೆಯುವ ಕಾಲ

ಹಿರೇಕೊಟ್ನೆಕಲ್‌ನ ಓಣಿಯಲ್ಲಿ ಕಣ್ಣಾಮುಚ್ಚಾಲೆ ಆಡುವ ಹುಡುಗ, ಕಣ್ಣಿಗೆ ಬಟ್ಟೆ ಕಟ್ಟಿದ್ದರೂ, ಕಿಸಕ್ಕನೆ ನಕ್ಕವರತ್ತಲೇ ಕೈ ಚಾಚುತ್ತಾನೆ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1876ರಲ್ಲಿ ಪ್ರಯೋಗವಾಗಿ ನಡೆಸಿದ್ದೂ ಹೆಚ್ಚುಕಡಿಮೆ ಇದೇ ಆಟವನ್ನು. ಬಯಲಿನಲ್ಲಿ ಕಣ್ಣುಮುಚ್ಚಿ ನಿಂತರು. ಸಹಾಯಕರು ಸುತ್ತುಗಟ್ಟಿ ನಿಂತರು. ಯಾರಾದರೂ ಒಂದು ಮಾತಾಡಿದರೆ ಸಾಕು, ಅವರು ಎಲ್ಲಿದ್ದಾರೆಂದು ರೇಲಿ ಹೇಳಿಬಿಡುತ್ತಿದ್ದರು. ಆದರೆ ಮಾತಿನ ಬದಲು ಶ್ರುತಿಕವೆ ಮಿಡಿದಾಗ ಎಡ-ಬಲ ತಿಳಿಯಿತು, ಹಿಂದು-ಮುಂದು ಮಾತ್ರ ತಿಳಿಯಲಿಲ್ಲ.

ಹಿಂದು-ಮುಂದಿನ ಗೊಂದಲಕ್ಕೆ ಕಾರಣವಿದೆ. ನಮ್ಮ ಹೊರಗಿವಿಯ ಮಡಿಕೆಗಳು ಮುಂದಿನಿಂದ ಬಂದ ದನಿಯನ್ನು ಒಂದು ಬಗೆಯಲ್ಲಿ, ಹಿಂದಿನಿಂದ ಬಂದದ್ದನ್ನು ಇನ್ನೊಂದು ಬಗೆಯಲ್ಲಿ ಮಾರ್ಪಡಿಸುತ್ತವೆ. ಹಲವು ಸ್ವರಗಳು ಬೆರೆತ ಮಾತಿನಲ್ಲಿ ಆ ಗುರುತು ಉಳಿಯುತ್ತದೆ. ಶ್ರುತಿಕವೆಯ ಒಂಟಿ ಸ್ವರದಲ್ಲಿ ಉಳಿಯುವುದಿಲ್ಲ.

ರೇಲಿಯವರನ್ನು ಕಾಡಿದ್ದು ಎಡ-ಬಲ ತಿಳಿದದ್ದು. ದನಿಯ ಕಡೆಗಿರುವ ಕಿವಿಗೆ ಸದ್ದು ಜೋರಾಗಿ ಕೇಳುತ್ತದೆ, ಇನ್ನೊಂದು ಕಿವಿ ತಲೆಯ ಮರೆಯಲ್ಲಿರುತ್ತದೆ, ಅದರಿಂದಲೇ ದಿಕ್ಕು ತಿಳಿಯುತ್ತದೆ ಎಂಬುದು ಆಗಿನ ನಂಬಿಕೆ. ಕೀರಲು ದನಿಗೆ ಇದು ಸರಿ. ಆದರೆ ಸೆಕೆಂಡಿಗೆ 256 ಸಲ ಕಂಪಿಸುವ ಕವೆಯ ಅಲೆಯ ಉದ್ದ ಒಂದೂಕಾಲು ಮೀಟರಿಗೂ ಹೆಚ್ಚು. ಅಷ್ಟುದ್ದದ ಅಲೆಗೆ ಮನುಷ್ಯನ ತಲೆ ಅಡ್ಡಿಯೇ ಅಲ್ಲ. ಸುತ್ತಿ ಬಳಸಿ ಆಚೆಯ ಕಿವಿಗೂ ಹೆಚ್ಚುಕಡಿಮೆ ಅಷ್ಟೇ ಜೋರಾಗಿ ತಲುಪುತ್ತದೆ. ಲೆಕ್ಕದ ಪ್ರಕಾರ ದಿಕ್ಕು ತಿಳಿಯಬಾರದು. ಆದರೂ ತಿಳಿಯುತ್ತಿತ್ತು.

ಈ ಒಗಟನ್ನು ಅವರು ಕೈಬಿಡಲಿಲ್ಲ. ಆರ್ಗಾನ್ ಅನಿಲದ ಶೋಧಕ್ಕೆ 1904ರಲ್ಲಿ ನೊಬೆಲ್ ಬಂತು. ಆಮೇಲೂ, ಅರವತ್ತು ದಾಟಿದ ವಯಸ್ಸಿನಲ್ಲಿ, ಹಳೆಯ ಪ್ರಶ್ನೆಗೇ ಮರಳಿದರಲ್ಲ, ನನಗೆ ಅವರ ಮೇಲೆ ಗೌರವ ಮೂಡುವುದು ಅಲ್ಲಿ. 1907ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಶ್ರುತಿ ಕೂದಲೆಳೆಯಷ್ಟೇ ಬೇರೆಯಿರುವ ಎರಡು ಕವೆಗಳು. ಒಂದರ ದನಿ ಕೊಳವೆಯ ಮೂಲಕ ಬಲಗಿವಿಗೆ, ಇನ್ನೊಂದರದು ಎಡಗಿವಿಗೆ. ಜೋರು ಎರಡೂ ಕಡೆ ಒಂದೇ. ಆದರೆ ಒಮ್ಮೆ ಈ ಕವೆಯ ಅಲೆ ಮುಂದೆ, ಒಮ್ಮೆ ಆ ಕವೆಯದು ಮುಂದೆ. ಕೇಳುವವನಿಗೆ ದನಿ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಓಲಾಡಿದಂತೆ ಅನಿಸಿತು! ಯಾವ ಕಿವಿಗೆ ಅಲೆ ಮೊದಲು ಮುಟ್ಟುತ್ತದೋ ಆ ಕಡೆಗೇ ದನಿ ವಾಲುತ್ತಿತ್ತು. ಶ್ರುತಿ ಏರಿಸುತ್ತ ಹೋದಂತೆ ಓಲಾಟ ಮಸುಕಾಗಿ, 768 ಕಂಪನಗಳ ಹೊತ್ತಿಗೆ ಇಲ್ಲವಾಯಿತು.

ಹಾಗಾದರೆ ತಗ್ಗು ಸ್ವರದಲ್ಲಿ ಕಿವಿಗಳು ಹೋಲಿಸುವುದು ಜೋರನ್ನಲ್ಲ, ಕಾಲವನ್ನು. ಪೂರ್ತಿ ಪಕ್ಕದಿಂದ ಬಂದ ದನಿಯೂ ಎರಡನೆಯ ಕಿವಿಗೆ ತಡವಾಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಅದರಲ್ಲೂ ಹತ್ತು ಮೈಕ್ರೊಸೆಕೆಂಡಿನ ವ್ಯತ್ಯಾಸವನ್ನು ಚೆನ್ನಾಗಿ ಕೇಳಬಲ್ಲವರು ಗುರುತಿಸುತ್ತಾರೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಏರು ಸ್ವರಕ್ಕೆ ಜೋರು, ತಗ್ಗು ಸ್ವರಕ್ಕೆ ಕಾಲ ಎಂಬ ಈ ಎರಡು ದಾರಿಯ ವಿವರಣೆ ಇಂದಿಗೂ ಬುಡದಲ್ಲಿ ನಿಂತಿದೆ.

ವಿಜಯಪುರದ ಗೋಳಗುಮ್ಮಟ ಕಂಡವರಿಗೆ ಇದರ ಇನ್ನೊಂದು ಮುಖ ಗೊತ್ತು. ಪಿಸುಮಾತಿನ ಮೊಗಸಾಲೆಯಲ್ಲಿ ಎದುರು ಬದಿಯ ಗೋಡೆಗೆ ಬಾಯಿಟ್ಟು ಯಾರೋ ಮೆಲ್ಲಗೆ ಆಡಿದ ಮಾತು ಇಲ್ಲಿ ನಮ್ಮ ಪಕ್ಕದ ಗೋಡೆಯಿಂದಲೇ ಬಂದಂತಿರುತ್ತದೆ. ದನಿ ಬಾಗಿದ ಗೋಡೆಗೆ ಅಂಟಿಕೊಂಡೇ ಸಾಗುತ್ತದೆಂದು ಲಂಡನ್ನಿನ ಸೇಂಟ್ ಪಾಲ್ ಗುಮ್ಮಟ ನೋಡಿ ವಿವರಿಸಿದವರೂ ರೇಲಿಯೇ. ಸಿ. ವಿ. ರಾಮನ್ 1921ರಲ್ಲಿ ಅಲ್ಲಿ ಪ್ರಯೋಗ ಮಾಡಿ, ಬಳಿಕ ಗೋಳಗುಮ್ಮಟವನ್ನೂ ಪರೀಕ್ಷಿಸಿ ಬರೆದರು. ಮಾತಾಡಿದವರು ಎಲ್ಲಿದ್ದಾರೆಂಬುದು ಕಿವಿಗೆ ಬೇಕಿಲ್ಲ. ಅಲೆ ಯಾವ ಕಡೆಯಿಂದ ಮೊದಲು ಮುಟ್ಟಿತೋ ಆ ಕಡೆಯನ್ನೇ ಅದು ಹೇಳುತ್ತದೆ.